ಅಡುಗೆಮನೆಯ ಕಪ್ಪು ಡಬ್ಬಿ

ಹೊಳೆನರಸೀಪುರ
ಆಗಸ್ಟ್ ೨೦೦೭

ನಮ್ಮ ಮನೆಯ ಅಳಿಯಂದಿರಾದ ಕೇದಾರ್ ಅವರಿಗೆ, ನಿಮ್ಮ ಅತ್ತೆ ಜಯಲಕ್ಷ್ಮಮ್ಮನ ಆಶೀರ್ವಾದಗಳು.

ಹಾಸನಕ್ಕೂ ಇಲ್ಲಿಗೂ ಬಸ್ಸಿನಲ್ಲಿ ಒಂದು ಗಂಟೆ ದಾರಿ, ಅದಕ್ಕೊಂದು ಕಾಗದವೇ ಎನ್ನುತ್ತೀರೇನೋ. ಅಳಿಯಂದಿರ ಎದುರು ನಿಂತು ಉದ್ದಕ್ಕೆ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮಾವನವರ ಅಕ್ಕ ಗೋದಮ್ಮನವರು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಾರೆ. ಮೊನ್ನೆ ನೀವು, "ಆ ಹಳೇ ಡಬ್ಬಿಗಳನ್ನ ತಗೊಂಡು ಹೋಗಿ ಹೊಸ ಕಂಪ್ಯೂಟರ್ ಇಡ್ತೀನಿ ಅತ್ತೆ, ಗುಜರಿ ಸಾಮಾನು ಕೊಟ್ಟೆ ಅಂತ ನಂಗೇ ನಾಚಿಕೆ" ಎಂದಿರಲ್ಲ, ಆಗಿನಿಂದ ನನಗೆ ಸಮಾಧಾನವಿಲ್ಲ.

ನಿಮ್ಮ ಮಾವನವರು ಮೊದಲಿಂದಲೂ ನಿಮ್ಮೊಡನೆ ಮಾತಾಡಿದವರಲ್ಲ. ರಿಪೇರಿ ಅಂಗಡಿಯವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಹಟ ಹಿಡಿದರು. ಆರತಿಯ ಹಟ ಇನ್ನೂ ದೊಡ್ಡದಾಯಿತು. ಧಾರೆ ಎರೆದುಕೊಟ್ಟರು, ಮಾತು ಮಾತ್ರ ಕೊಡಲಿಲ್ಲ. ನೀವು ಬರುವ ಭಾನುವಾರ ಬೇಗ ಊಟ ಮುಗಿಸಿ ಮಲಗಿಬಿಡುತ್ತಿದ್ದರು. ಕಳೆದ ವರ್ಷ ಪಾರ್ಶ್ವವಾಯು ಹೊಡೆದು ಬಲಗೈಯೂ ನಾಲಿಗೆಯೂ ಬಿದ್ದುಹೋದ ಮೇಲೆ ಅವರ ಮಾತು ಯಾರಿಗೂ ಇಲ್ಲವಾಯಿತು. ಬುದ್ಧಿ ಸರಿಯಾಗಿಯೇ ಇತ್ತು, ಹೇಳುವುದಕ್ಕೆ ಆಗುತ್ತಿರಲಿಲ್ಲ. ಸ್ಲೇಟು ಕೊಟ್ಟೆ, ಎಡಗೈಯಲ್ಲಿ ಗೀಚಿದ್ದು ಅವರಿಗೇ ಓದಲಾಗದೆ ಎಸೆದರು. ನಾನು ನೀರು ತಂದರೆ ಅವರಿಗೆ ಬೇಕಾದದ್ದು ಶಾಲು. ಒಂದೇ ಮನೆಯಲ್ಲಿ ಪರದೇಶಿಗಳ ಹಾಗೆ ಬದುಕುವುದಾಯಿತಲ್ಲ ಎಂದು ಹೆದರಿದ್ದೆ.

ಆಗ ನೀವು ಯಾವುದೋ ಕಚೇರಿಯವರು ಮೂಲೆಗೆಸೆದಿದ್ದ ಎರಡು ಕಪ್ಪು ಡಬ್ಬಿ ತಂದಿರಿ. ಥಿನ್ ಕ್ಲೈಂಟ್ ಅಂತ ಹೆಸರು ಹೇಳಿದಿರಿ. "ಇವಕ್ಕೆ ಸ್ವಂತ ಬುದ್ಧಿ ಇಲ್ಲ ಅತ್ತೆ, ಉಗ್ರಾಣದಲ್ಲಿ ಇಟ್ಟಿರೋ ದೊಡ್ಡ ಕಂಪ್ಯೂಟರ್ ಹೇಳಿದ್ದನ್ನ ಕೇಳ್ತವೆ ಅಷ್ಟೆ" ಎಂದಿರಿ. ಗೋದಮ್ಮನವರು, "ಹಾಗಾದ್ರೆ ನಮ್ಮನೆ ಗಂಡಸರ ಥರ ಅಲ್ಲ ಬಿಡಪ್ಪ, ಇವಾದ್ರೂ ಹೇಳಿದ ಮಾತು ಕೇಳ್ತವೆ" ಎಂದರು. ಒಂದು ನಿಮ್ಮ ಮಾವನವರ ಮಂಚದ ಪಕ್ಕ, ಒಂದು ಒಲೆಯ ಕಟ್ಟೆಯ ಮೇಲೆ. ಅಲ್ಲಿ ಕೀಲಿಮಣೆಯಲ್ಲಿ ಒತ್ತಿದ್ದು ಇಲ್ಲಿ ಪರದೆಯಲ್ಲಿ ಕಾಣಬೇಕು.

ಅವರ ಡಬ್ಬಿ ತಾನೇ ತೆರೆದುಕೊಳ್ಳುತ್ತಿತ್ತು. ನನ್ನದು ತೆರೆಯಬೇಕಾದರೆ ಬೆಳಿಗ್ಗೆ ಎದ್ದ ಕೂಡಲೆ ಒಂದು ಹೆಸರು ಒತ್ತೆಂದು ಕೇಳುತ್ತಿತ್ತು. ನೀವು ಇಟ್ಟಿದ್ದು ನಿಮ್ಮ ಮಾವನವರ ಹೆಸರು. ನಾನು ಮದುವೆಯ ದಿನ ಒಗಟಿನಲ್ಲಿ ಒಂದು ಸಲ ಹೇಳಿದ ಹೆಸರದು, ಆಮೇಲೆ ಬಾಯಲ್ಲಿ ತಂದಿಲ್ಲ. ಹಾಗಾಗಿ ಡಬ್ಬಿ ಮುಟ್ಟಲೇ ಇಲ್ಲ. ಕೆಟ್ಟಿದೆಯೆಂದುಕೊಂಡು ನೀವು ಅಂಗಡಿ ಮುಚ್ಚಿ ಬಂದು ವೈರೆಲ್ಲ ಬಿಚ್ಚಿ ನೋಡಿದಿರಿ. ಬಾಗಿಲ ಹಿಂದಿನಿಂದ ಆರತಿಗೆ ವಿಷಯ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. "ಒತ್ತಿದ್ರೆ ಕರೆದ ಹಾಗಾಗುತ್ತೇನಮ್ಮ?" ಎಂದಳು. ನೀವು ನಗಲಿಲ್ಲ. "ಮಾವನ್ನ ನೀವು ಏನಂತ ಕರೀತೀರಿ ಅತ್ತೆ?" ಎಂದು ಕೇಳಿದಿರಿ. "ರೀ ಅಂತೀನಿ" ಎಂದೆ. ಅಲ್ಲೇ ಕೂತು ಆ ಹೆಸರನ್ನೇ ಇಟ್ಟುಕೊಟ್ಟಿರಿ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ತಿಳಿಯದ್ದು ನಿಮಗೆ ತಿಳಿಯಿತಲ್ಲ ಎಂದು ಅವತ್ತು ನನಗೆ ಅಳು ಬಂತು.

ಆದರೆ ಅವರು ಒತ್ತಬೇಕಲ್ಲ. ನೀವು ತಂದದ್ದೆಂದು ಕೀಲಿಮಣೆಯ ಮೇಲೆ ಟವಲು ಹಾಕಿ ಗೋಡೆಗೆ ಮುಖ ಮಾಡಿ ಮಲಗಿದರು. ಒಂದು ಮಧ್ಯಾಹ್ನ ಏನೋ ಬೇಕೆಂದು ಮಂಚ ಬಡಿದರು. ಔಷಧಿ ಕೊಟ್ಟೆ, ದಿಂಬು ಸರಿಮಾಡಿದೆ, ಯಾವುದೂ ಅಲ್ಲ. ಅಡುಗೆಮನೆಗೆ ಬಂದು, "ಆ ಹುಡುಗನ ಮೇಲಿನ ಛಲಕ್ಕೆ ನನ್ನನ್ನೂ ದೂರ ಮಾಡಿಕೊಂಡ್ರಲ್ಲ ನಿಮ್ಮ ತಮ್ಮ" ಎಂದು ಗೋದಮ್ಮನವರ ಮುಂದೆ ಗಟ್ಟಿಯಾಗಿ ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ನೋಡಿದರೆ ಪರದೆಯ ಮೇಲೆ ಅಕ್ಷರ. "ಕಿಟಕಿ ಹಾಕು. ಬಿಸಿಲು ಕಣ್ಣಿಗೆ ಹೊಡೀತಿದೆ." ಸ್ವಲ್ಪ ಹೊತ್ತಿಗೆ ಅದರ ಕೆಳಗೆ, "ಅಳಬೇಡ."

ಕಿಟಕಿ ಹಾಕಲು ಓಡಿದೆ. ಸಾರು ಉಕ್ಕಿ ಒಲೆ ಆರಿಹೋಯಿತು, ಹೋಗಲಿ.

ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಹುಳಿಗೆ ಉಪ್ಪು ಕಮ್ಮಿ, ಅಕ್ಕನ ಗೊರಕೆ ಜಾಸ್ತಿ, ಪೇಪರಿನವನು ಯಾಕೆ ಬಂದಿಲ್ಲ. ಒಂದು ದಿನ, "ಕೀಲಿಗಳು ನಮ್ಮ ತಾಲ್ಲೂಕು ಕಚೇರಿಯ ಕನ್ನಡ ಟೈಪ್‌ರೈಟರಿನ ಹಾಗೇ ಇವೆ. ಅವನಿಗೆ ಯಾರು ಹೇಳಿದರು?" ಎಂದು ಕೇಳಿದರು. "ಯಾರೂ ಹೇಳಲಿಲ್ಲ ರೀ, ಬೀರುವಿನ ಮೇಲಿದ್ದ ನಿಮ್ಮ ಹಳೇ ಮಿಷನ್ನು ಇಳಿಸಿ ಅದನ್ನು ನೋಡಿಕೊಂಡೇ ಮಾಡಿದರು" ಎಂದೆ.

ಹೊಸದು ಬೇಡ ಕೇದಾರ್. ಇದನ್ನು ಒಯ್ಯಬೇಡಿ. ಊರವರು ಗುಜರಿ ಅಂದುಕೊಳ್ಳಲಿ, ನನ್ನ ಗಂಡ ನನ್ನೊಡನೆ ಮಾತಾಡುವುದು ಇದರಲ್ಲಿ.

ಇನ್ನೊಂದು ವಿಷಯ. ಕಾಯಿಲೆಯಾದಾಗಿನಿಂದ ಅವರು ಯಾರ ಎದುರಿಗೂ ಉಂಡಿಲ್ಲ. ಎಡಗೈ ನಡುಗಿ ಅನ್ನವೆಲ್ಲ ಮೈಮೇಲೆ ಬೀಳುತ್ತದೆ, ಬಾಗಿಲು ಹಾಕಿಕೊಂಡು ನಾನೊಬ್ಬಳೇ ಬಡಿಸುತ್ತೇನೆ. ಇವತ್ತು ಬೆಳಿಗ್ಗೆ ನಾನು ತೆಂಗಿನಕಾಯಿ ತುರಿಯುತ್ತಿದ್ದಾಗ ಪರದೆಯ ಮೇಲೆ ಬಂದದ್ದನ್ನು ಅವರು ಒತ್ತಿದ ಹಾಗೇ ಬರೆಯುತ್ತೇನೆ.

"ಭಾನುವಾರ ಕೇದಾರ ಬರುತ್ತಾನಲ್ಲ. ಅವನ ಎಲೆ ನನ್ನ ಪಕ್ಕ ಹಾಕು. ಬಾಗಿಲು ಹಾಕುವುದು ಬೇಡ. ಅವನು ಹೊರಗಿನವನಲ್ಲ."

ಹಸಿದುಕೊಂಡು ಬನ್ನಿ. ನಿಮ್ಮಿಬ್ಬರ ಮನೆ ಸದಾ ತಣ್ಣಗಿರಲಿ.

ನಿಮ್ಮ ಅತ್ತೆ,
ಜಯಲಕ್ಷ್ಮಮ್ಮ