ಪುಕ್ಕಟೆ ಪತ್ರಿಕೆ

೧೮ ನವೆಂಬರ್ ೨೦೨೫, ಮಂಗಳವಾರ

ಗ್ರಂಥಾಲಯ ಸಪ್ತಾಹವಂತೆ! ಮೈ ಇನ್ನೂ ಉರಿಯುತ್ತಿದೆ. ಸರ್ಕಾರದವರು ಅನುದಾನ ಕತ್ತರಿಸಿ, ನಾನು ನೋಡಿಕೊಳ್ಳುವ ಈ ಊರ ಗ್ರಂಥಾಲಯಕ್ಕೆ ಬರುತ್ತಿದ್ದ ಪತ್ರಿಕೆಗಳನ್ನೆಲ್ಲ ನಿಲ್ಲಿಸಿದರು. ನಮ್ಮ ಇಸಳೂರಿನಲ್ಲಿ ಹೊಸ ಮನೆ ಕಟ್ಟಿದವರಿಂದ ಗ್ರಂಥಾಲಯ ಕರ ವಸೂಲಿ ಮಾಡುವುದು ಮಾತ್ರ ನಿಂತಿಲ್ಲ. ಈಗ ಬರುವುದು ಒಂದೇ ಪತ್ರಿಕೆ, ಅದೂ ಪುಕ್ಕಟೆ. ಯಾವುದೋ ದೊಡ್ಡ ಕಂಪನಿ ಆ ಪತ್ರಿಕೆಯನ್ನೇ ಕೊಂಡುಕೊಂಡು ಹೀಗೆ ಹಂಚುತ್ತಿದೆ.

ಹೋದ ವಾರ ಆ ಪತ್ರಿಕೆಯ ವರದಿಗಾರ ಬಂದಾಗ ಈ ಕಡಿತದ ಕಥೆಯನ್ನೆಲ್ಲ ಹೇಳಿದೆ. ತಲೆಯಾಡಿಸಿ ಬರೆದುಕೊಂಡ. "ಒಂದ್ ಫೋಟೋ ಅಕ್ಕ, ಸ್ವಲ್ಪ ನಗಾಡಿ" ಅಂದ. ನಾನೊಬ್ಬಳು ಪೆದ್ದಿ, ನಕ್ಕೆ.

ಇವತ್ತು ಅಚ್ಚಾಗಿದೆ: 'ನಮ್ಮ ಪತ್ರಿಕೆಯಿಂದ ಗ್ರಂಥಾಲಯಕ್ಕೆ ಮರುಜೀವ'. ಕಡಿತದ ಬಗ್ಗೆ ಒಂದಕ್ಷರವಿಲ್ಲ. ನನ್ನ ನಗು ಮಾತ್ರ ಅರ್ಧ ಪುಟ.

ದಿನವೂ ಗ್ರಂಥಾಲಯಕ್ಕೆ ಬರುವ ಜಟ್ಟಪ್ಪನವರಿಗೆ ಓದು ಬಾರದು. ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಿಂದ ನನ್ನ ಕೈಲಿ ಓದಿಸಿಕೊಂಡು, ಯಾವುದು ನಿಜ ಎಂದು ಜಗಳಕ್ಕೆ ನಿಲ್ಲುತ್ತಿದ್ದವರು ಅವರು. ನನ್ನ ಕೈಯಲ್ಲಿದ್ದ ಫೋಟೋ ನೋಡಿ, "ಅಕ್ಕೋರೆ, ಇಷ್ಟ್ ನಗಾಡ್ತಿದ್ರಿ ಅಂದ್ರೆ ಎಲ್ಲ ಸರಿಯಾಯ್ತು! ಉಳದ ಪೇಪರ್ ನಾಳಿಂದ ಬರ್ತದಲ್ಲ?" ಅಂದರು.

ಗ್ರಂಥಾಲಯದ ಮುದ್ರೆ ಹೊಡೆಯದೆ ಪತ್ರಿಕೆಯನ್ನು ಮೇಜಿಗೆ ಹಾಕುವಂತಿಲ್ಲ. ದಿನವೂ ಮೂಲೆಯಲ್ಲಿ ಹೊಡೆಯುತ್ತೇನೆ. ಇವತ್ತು ನನ್ನ ನಗುವಿನ ಮೇಲೆಯೇ ಹೊಡೆದೆ. ಶಾಯಿಯ ನಡುವೆ ಇನ್ನೂ ಹಲ್ಲು ಕಾಣುತ್ತಿತ್ತು.

ಮತ್ತೆ ಹೊಡೆದೆ.