ಮೂರು ತಿಂಗಳು ಕೊಡಿ

ಜುಲೈ 4, ಶುಕ್ರವಾರ

ಬೆಳಿಗ್ಗೆ ಆಫೀಸಿಗೆ ಹೋದರೆ ಪ್ಲಾಸ್ಟಿಕ್ ಮಿದುಳಿಗೆ ಕುಂಕುಮ. ಮೇಲೊಂದು ಸೇವಂತಿಗೆ. ಶುಕ್ರವಾರದ ಪೂಜೆಯಲ್ಲಿ ಕಂಪ್ಯೂಟರ್, ಪ್ರಿಂಟರ್, ಫೋನು ಎಲ್ಲಕ್ಕೂ ಹಚ್ಚಿದ ಸರೋಜಾ ಅದನ್ನೊಂದು ಯಾಕೆ ಬಿಡಬೇಕು ಅಂದುಕೊಂಡಿದ್ದಾಳೆ. ಬಂದವರಿಗೆ ತೋರಿಸಲೆಂದು ತರಿಸಿದ ಮಾದರಿ ಅದು. ಬಿಚ್ಚಿದರೆ ಎಂಟು ತುಂಡು. ಮತ್ತೆ ಜೋಡಿಸಲು ನನಗಿನ್ನೂ ಬಂದಿಲ್ಲ.

ನಾಳೆಯಿಂದ ಸರೋಜಾ ಇಲ್ಲ. ತಂಗಿಯ ಬಾಣಂತನ, ಎರಡು ತಿಂಗಳು ರಜೆ. ಗಿರಾಕಿಗಳಿಗೆ ಕರೆ ಮಾಡುವ ಅವಳ ಫೋನು ನನ್ನ ಮೇಜಿಗೆ. ಕನ್ನಡ ಎಂ.ಎ. ಅಂತ ನನ್ನನ್ನು ಸೇರಿಸಿಕೊಂಡದ್ದು ಬರೆಯಲಿಕ್ಕೆ. ಇಂಗ್ಲಿಷ್ ಹಾಳೆಗಳನ್ನು ಕನ್ನಡ ಮಾಡುವುದು, ಕರಪತ್ರ ತಯಾರಿಸುವುದು. ಗುರುತಿಲ್ಲದವರಿಗೆ ಫೋನ್ ಮಾಡುವುದೆಂದರೆ ಈಗಲೂ ನನಗೆ ಭಯ. ಹೇಳಲಿಲ್ಲ. ಮಾಲೀಕರು, ಬಸವಕಿರಣ್ ಸರ್, ಕೇಳಲೂ ಇಲ್ಲ.

ಸರೋಜಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಕರೆ ಮಾಡಿದೆ. ಕಡರನಾಯಕನಹಳ್ಳಿಯ ಸಣ್ಣತಿಮ್ಮಪ್ಪ. ಕಾಲುವೆಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದು ನಿವೃತ್ತರಾದವರು. ನಾವು ಮಾರುವ ನೆನಪಿನ ಕ್ಯಾಪ್ಸೂಲ್ ಕೊಡುತ್ತಿರುವುದು ಹೆಂಡತಿ ಪುಟ್ಟಕ್ಕನಿಗೆ. ಅರವತ್ತೆಂಟು ವರ್ಷ, ಇತ್ತೀಚೆಗೆ ಮರೆವು. ಶುರು ಮಾಡಿ ಎರಡು ವಾರ. ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ ಹೇಗಿದೆ ಅಂತ ಕೇಳಿ ಫಾರ್ಮ್ ತುಂಬಬೇಕು. ಮೂರು ಚೌಕ — ಸುಧಾರಿಸಿದೆ, ಹಾಗೇ ಇದೆ, ಹೇಳಲಾಗದು.

ಗಂಡ ಫೋನನ್ನು ಹೆಂಡತಿಯ ಕೈಗೆ ಕೊಟ್ಟರು.

"ಯಾರವ್ವಾ? ನಿನ್ ದನಿ ಬಾವಿಯೊಳಗಿಂದ ಬಂದಂಗೈತೆ. ಉಂಡಿಲ್ಲೇನು?"

ಸರೋಜಾ ಬಾಯಿಗೆ ಸೆರಗು ಹಿಡಿದಳು.

ಆಮೇಲೆ ಪುಟ್ಟಕ್ಕ ನಿಲ್ಲಲೇ ಇಲ್ಲ. ಮೇ ತಿಂಗಳ ಕೊನೆಗೆ ಕೊಟ್ಟಿಗೆಯ ಬಾಗಿಲು ತಲೆಗೆ ಬಡಿದದ್ದು, ಗೌರಿ ಅನ್ನುವ ಎಮ್ಮೆ ತಿರುಗಿ ನೋಡಿದ್ದು, ಎರಡು ದಿನ ತಲೆನೋವು. "ನಲವತ್ತು ವರ್ಷದಿಂದ ಬಗ್ಗಿದೀನಿ ಆ ಬಾಗ್ಲಿಗೆ. ಒಂದಿನ ಬಗ್ಗಲಿಲ್ಲ, ಹೊಡದೇ ಬಿಡ್ತು." ಹೃದಯದ್ದು ಒಂದು ಮಾತ್ರೆ ಇದೆಯಂತೆ, ರಕ್ತ ತೆಳುವಾಗಲು, ಮೂರು ವರ್ಷದಿಂದ. ಎಲ್ಲವನ್ನೂ ಅವರ ಮಾತಿನಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಇಷ್ಟೆಲ್ಲ ಯಾಕೆ, ಚೌಕಕ್ಕೊಂದು ಟಿಕ್ ಹಾಕಿದರೆ ಸಾಕು ಅಂದಳು ಸರೋಜಾ. ನನಗೆ ಬಿಡಲಾಗಲಿಲ್ಲ. ಅಂಥ ಮಾತು.

ಜುಲೈ 9

ಕರಪತ್ರ ಮತ್ತೆ ಅಚ್ಚಿಗೆ ಹೋಗಬೇಕು. ಮಧ್ಯಾಹ್ನ ಸರ್ ಜೊತೆ ಕೂತು ತಿದ್ದಿದ್ದು.

ಕ್ಯಾಪ್ಸೂಲಿನಲ್ಲಿರುವುದು ಫಾಸ್ಫಾಟಿಡೈಲ್‌ಸೆರೀನ್. ಆಫೀಸಿನಲ್ಲಿ ಯಾರೂ ಪೂರ್ತಿ ಹೇಳುವುದಿಲ್ಲ, ಪಿ.ಎಸ್. ಅಷ್ಟೆ. ಮಿದುಳಿನ ಜೀವಕೋಶಗಳ ಹೊದಿಕೆಯಲ್ಲಿ ಮೊದಲಿನಿಂದಲೂ ಇರುವ ಒಂದು ಬಗೆಯ ಕೊಬ್ಬು ಅಂತ ಬರೆದಿದ್ದೆ. ಕೊಬ್ಬು ತೆಗೀರಿ, ಜನ ಹೆದರ್ತಾರೆ, ಸತ್ವ ಅನ್ರಿ ಅಂದರು. ತೆಗೆದೆ.

ಹಳೆಯ ಪ್ರಯೋಗಗಳಲ್ಲಿ ದನದ ಮಿದುಳಿನಿಂದ ತೆಗೆದದ್ದನ್ನು ಬಳಸಿದ್ದರಂತೆ. ಗುಣ ಕಂಡಿತು ಅನ್ನುವ ವರದಿಗಳು ಹೆಚ್ಚಾಗಿ ಆ ಕಾಲದವು. ಈಗ ಸೋಯಾದ್ದು, ಅದರ ಮೇಲೆ ಖಚಿತವಾಗಿ ಹೇಳುವಷ್ಟು ಸಂಶೋಧನೆ ಆಗಿಲ್ಲ. ಸರ್ ಇಂಗ್ಲಿಷ್ ಹಾಳೆಯನ್ನು ಮಗುಚಿಟ್ಟರು.

"ದನದ ಮಾತು ಈ ಬಾಗ್ಲು ದಾಟಬಾರ್ದು ನೋಡ್ರಿ. ನಮ್ಮವ್ವ ನಾಳೆಯಿಂದ ನನ್ನ ಅಡಿಗೆ ಮನೆಗೇ ಬಿಟ್ಕಳಲ್ಲ."

ನಗು ಬಂತು. ನಕ್ಕೆ. ಅದೇ ನಗುವಿನಲ್ಲಿ ಇನ್ನೆರಡು ಸಾಲು ಹೋದವು. ಒಂದು, ಸಂಶೋಧನೆ ಇನ್ನೂ ಸಾಲದು ಎಂಬುದು. ಇನ್ನೊಂದು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಬಳಸಿ ಎಂಬುದು. ಮೇ ತಿಂಗಳಲ್ಲೂ ಇದೇ ಸಾಲು ಜಾಗ ಸಾಲದೆ ಬಿಟ್ಟುಹೋಗಿತ್ತು. ಕಡರನಾಯಕನಹಳ್ಳಿಯ ಪುಟ್ಟಕ್ಕ ನೆನಪಾದರು. ಬಾಯಿ ತೆರೆದೆ. ಸರ್ ಆಗಲೇ ಅಚ್ಚಿನವನ ಜೊತೆ ಫೋನಿನಲ್ಲಿದ್ದರು.

ಮುಖಪುಟದಲ್ಲಿ ನನ್ನ ಸಾಲುಗಳು ಹಾಗೇ ಉಳಿದವು. "ಹೆದರಬೇಡಿ, ಅಲೆದಾಡಬೇಡಿ. ಮರೆವು ಕಾಯಿಲೆಯಲ್ಲ, ಬಳಲಿಕೆ. ಮೂರು ತಿಂಗಳು ಕೊಡಿ, ಮನಸ್ಸು ಮನೆಗೆ ಮರಳುತ್ತದೆ." ಇಂಗ್ಲಿಷಿನಲ್ಲಿ ಇಂಥದ್ದೇನೂ ಇರಲಿಲ್ಲ. ನಾನೇ ಕಟ್ಟಿದ್ದು. ಹರಿಹರದ ಮನೆಯಿಂದ ದಾವಣಗೆರೆಗೆ ಬರುವಾಗ ಬಸ್ಸಿನಲ್ಲಿ ಹೊಳೆದಿತ್ತು. ಅವತ್ತಿಡೀ ಖುಷಿಯಾಗಿದ್ದೆ.

ಜುಲೈ 19

ಇಪ್ಪತ್ತಮೂರು ಕರೆ. ಗಂಟಲು ನೋವು. ದನಿ ಸ್ವಲ್ಪ ಗಟ್ಟಿಯಾಗಿದೆ ಅಂತ ಅಮ್ಮ.

ಪುಟ್ಟಕ್ಕನ ಮನೆಗೂ ಮಾಡಿದೆ. ಮೊದಲಿನ ಹಾರಾಟ ಇಲ್ಲ, ಶಾಂತವಾಗಿದ್ದಾಳೆ, ಮಧ್ಯಾಹ್ನ ಮಲಗಿದರೆ ಸಂಜೆಯವರೆಗೂ ಏಳುವುದಿಲ್ಲ ಅಂದರು ಸಣ್ಣತಿಮ್ಮಪ್ಪ. ಖುಷಿಯಲ್ಲೇ ಹೇಳಿದರು. ಸುಧಾರಿಸಿದೆ ಅಂತ ಬರಕೋ ತಾಯಿ ಅಂದರು. ಬರೆದುಕೊಂಡೆ.

ಪುಟ್ಟಕ್ಕನಿಗೆ ಕೊಡಿ ಅಂದೆ. ಗೌರಿ ಹೇಗಿದ್ದಾಳೆ ಅಂತ ಕೇಳಿದೆ, ಮಾತಿಗೆ.

"ಅದು… ಕೊಂಬಿಂದು… ಕರಿತೀನವ್ವ. ಅವ್ರು ಕರಿತಾರೆ."

ಇಷ್ಟೇ. ಬರೆದಿಟ್ಟಿದ್ದೇನೆ.

ಆಗಸ್ಟ್ 4, ಸೋಮವಾರ

ಪುಟ್ಟಕ್ಕ ಇವತ್ತು "ಹ್ಞೂಂ" ಅಂದರು. ಎರಡು ಸಲ. ಆಮೇಲೆ ಉಸಿರು ಮಾತ್ರ ಕೇಳುತ್ತಿತ್ತು. ಫೋನನ್ನು ಕಿವಿಯಿಂದ ಇಳಿಸಿರಬೇಕು.

ಗಂಡನನ್ನು ಕೇಳಿದೆ — ಡಾಕ್ಟರಿಗೆ ಏನಾದರೂ ತೋರಿಸಿದಿರಾ. ಇಲ್ಲವಂತೆ. ಊರವರು ಉಕ್ಕಡಗಾತ್ರಿಯ ಗುಡಿಗೆ ಕರೆದುಕೊಂಡು ಹೋಗು, ಗಾಳಿ ಸೋಕಿದೆ ಅನ್ನುತ್ತಾರಂತೆ. ತಾನು ಅಂಥದ್ದನ್ನೆಲ್ಲ ಕೇಳುವ ಮನುಷ್ಯನಲ್ಲ, ಓದಿ ತಿಳಿದುಕೊಂಡು ಮಾಡುವವನು ಅಂದರು. ರಾಣೆಬೆನ್ನೂರಿನ ಮಗಳು ದೊಡ್ಡ ಆಸ್ಪತ್ರೆಗೆ ಹೋಗೋಣ ಅಂತ ಹಟ ಹಿಡಿದಿದ್ದಳು. ಕರಪತ್ರವನ್ನು ಫೋನಿನಲ್ಲೇ ಓದಿ ಹೇಳಿ ಸುಮ್ಮನಾಗಿಸಿದರಂತೆ. ನನಗೂ ಹೇಳಿದರು, ನೋಡದೆ, ಶಾಲೆಯ ಪದ್ಯದ ಹಾಗೆ.

"ಮರೆವು ಕಾಯಿಲೆಯಲ್ಲ, ಬಳಲಿಕೆ. ಮೂರು ತಿಂಗಳು ಕೊಡಿ, ಮನಸ್ಸು ಮನೆಗೆ ಮರಳುತ್ತದೆ. ಎಂಥ ಮಾತು ಬರ್ದಾರೆ ನೋಡು. ಓದಿದೋರು ಓದಿದೋರೇ."

ಎಲ್ಲೆಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲಿಸಿ ಹೇಳಿದರು.

ಫಾರ್ಮಿನಲ್ಲಿ ಮೂರನೆಯ ಸಲವೂ "ಸುಧಾರಿಸಿದೆ". ಮನೆಯವರ ಉತ್ತರವನ್ನೇ ಬರೆಯಬೇಕು ಅಂತ ನಿಯಮ. ಸಂಜೆ ಸರ್ ಫಾರ್ಮುಗಳನ್ನು ತಿರುವಿಹಾಕಿ ಅದನ್ನೇ ಎತ್ತಿಕೊಂಡರು. ಗಂಡಹೆಂಡಿರನ್ನು ಕೂರಿಸಿ ವಿಡಿಯೋ ಮಾಡೋಣ ಅಂದರು. ಆಗಸ್ಟ್ ಹದಿನೈದಕ್ಕೆ ಎಲ್ಲ ಕಡೆ ಹಾಕಬೇಕಂತೆ.

ಆಗಸ್ಟ್ 5

ನೋಟ್‌ಬುಕ್ಕಿನಲ್ಲಿ ಪುಟ್ಟಕ್ಕನ ಮೂರು ಕರೆಗಳದ್ದನ್ನೂ ಒಟ್ಟಿಗೆ ಓದಿದೆ. ಜುಲೈ ನಾಲ್ಕರದು ಒಂದೂವರೆ ಪುಟ. ಹತ್ತೊಂಬತ್ತರದು ಒಂದೂವರೆ ಸಾಲು. ನಿನ್ನೆಯದು ಎರಡು ಸಲ ಹ್ಞೂಂ.

ಮರೆವು ಒಂದು ತಿಂಗಳಲ್ಲಿ ಹೀಗೆ ಇಳಿಯುತ್ತದಾ? ಗೊತ್ತಿಲ್ಲ. ಯಾರನ್ನು ಕೇಳಬೇಕು ಅಂತಲೂ ತಿಳಿಯಲಿಲ್ಲ. ಸುಮ್ಮನಾದೆ.

ಆಗಸ್ಟ್ 12, ಮಂಗಳವಾರ, ರಾತ್ರಿ

ವಿಡಿಯೋ ತೆಗೆಯಲು ಹೋಗಿ ಬಂದೆವು.

ಸರ್ ಕಾರು. ಕಡರನಾಯಕನಹಳ್ಳಿ ತಲುಪಿದಾಗ ಹನ್ನೊಂದು. ಸಣ್ಣತಿಮ್ಮಪ್ಪ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿ ಕಟ್ಟೆಯ ಮೇಲೆ ಕಾಯುತ್ತಿದ್ದರು. ಒಳಗೆ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕ, ನಮ್ಮ ಕರಪತ್ರ. ನಾಲ್ಕು ಮೂಲೆಗೂ ಅಂಟು.

ಅವರು ಹೇಳಬೇಕಾದ ಮಾತನ್ನು ಹೇಳಿಕೊಡುವುದು ನನ್ನ ಕೆಲಸ. ಹೇಳಿಕೊಡಲು ಏನೂ ಇರಲಿಲ್ಲ. ಎಲ್ಲ ಬಾಯಿಪಾಠ.

ಪುಟ್ಟಕ್ಕನನ್ನು ಒಳಗಿಂದ ಕರೆದರು. ಅವರ ಮುಖ ನೋಡಿದ್ದು ಇವತ್ತೇ. ಹೊಸ ಸೀರೆ ಉಡಿಸಿದ್ದರು. ಅಂಗಳ ದಾಟುವಾಗ ಎಡಗಾಲಿನ ಚಪ್ಪಲಿ ಅರ್ಧದಲ್ಲೇ ಕಳಚಿ ಉಳಿಯಿತು. ಅವರಿಗೆ ಗೊತ್ತೇ ಆಗಲಿಲ್ಲ. ಬರಿಗಾಲನ್ನು ಎಳೆದುಕೊಂಡೇ ಬಂದರು. ನಾನು ಚಪ್ಪಲಿ ತಂದು ಪಾದದ ಮುಂದೆ ಇಟ್ಟೆ. ಕಾಲು ಅದನ್ನು ಹುಡುಕಿತು, ಸಿಗಲಿಲ್ಲ. ಟೀ ಲೋಟ ಎಡಗೈಗೆ ಕೊಟ್ಟರು. ಜಾರಿ ಬಿತ್ತು. ಸಣ್ಣತಿಮ್ಮಪ್ಪ ತಮ್ಮ ಟವೆಲಿನಿಂದ ಅವರ ಸೀರೆ ಒರೆಸಿದರು, ಸೆರಗು ಸರಿಮಾಡಿದರು. ದಿನಾ ಮಾಡುವವರ ಹಾಗೆ.

ಸರ್ ಮೂರು ಸಲ ತೆಗೆದರು. ಮೂರನೆಯದರಲ್ಲಿ ಪುಟ್ಟಕ್ಕ ಕೂತಲ್ಲೇ ನಿದ್ದೆ ಹೋಗಿದ್ದರು. ಪರವಾಗಿಲ್ಲ, ಮೊದಲನೇದು ಚೆನ್ನಾಗಿ ಬಂದಿದೆ ಅಂದರು ಸರ್.

ಸಂಜೆ ಹರಿಹರದಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಮುನಾಫ್ ಅಂಕಲ್‌ದು ಮೆಡಿಕಲ್ ಶಾಪ್. ಅಮ್ಮನ ಬಿಪಿ ಮಾತ್ರೆ ಅಲ್ಲೇ. ಜನ ಕರಗುವವರೆಗೆ ಪಕ್ಕದಲ್ಲಿ ನಿಂತಿದ್ದು, ಪರಿಚಯದವರೊಬ್ಬರಿಗೆ ಹೀಗೆ ಅಂತ ಶುರುಮಾಡಿದೆ. ಮರೆವು, ನಿದ್ದೆ, ಚಪ್ಪಲಿ. ಅಂಕಲ್ ಕೈಯಲ್ಲಿದ್ದ ಕತ್ತರಿ ನಿಂತಿತು.

"ತಲೆಗೆ ಪೆಟ್ಟು ಬಿದ್ದಿತ್ತಾ?"

ಮೇ ಕೊನೆಯಲ್ಲಿ ಅಂದೆ.

"ರಕ್ತ ತೆಳು ಮಾಡೋ ಮಾತ್ರೆ ಏನಾರ ತಗೊಂತಾರಾ?"

ಹೌದು ಅಂದೆ. ಕರಪತ್ರ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ಈ ಕ್ಯಾಪ್ಸೂಲ್ ದೊಡ್ಡ ಕೇಡೂ ಅಲ್ಲ, ದೊಡ್ಡ ಗುಣವೂ ಅಲ್ಲ, ಆದರೆ ಅಂಥ ಮಾತ್ರೆಯ ಜೊತೆ ಡಾಕ್ಟರನ್ನು ಕೇಳದೆ ಕೊಡಬಾರದು ಅಂದರು. ಆಮೇಲೆ ದನಿ ತಗ್ಗಿಸಿದರು.

"ನಾನು ಡಾಕ್ಟರಲ್ಲ ನಯನಮ್ಮ. ಆದ್ರೆ ನಮ್ ಚಾಚಾಗೆ ಹಿಂಗೇ ಆಗಿತ್ತು. ತಲೆ ಒಳಗೆ ರಕ್ತ ನಿಧಾನಕ್ಕೆ ಸೇರ್ಕಂತಾ ಹೋಗುತ್ತೆ, ತಿಂಗಳಾನುಗಟ್ಲೆ. ಆಪರೇಷನ್ ಮಾಡಿ ತೆಗೆದಿದ್ದಕ್ಕೆ ಎದ್ದು ಕೂತು ಬಿರಿಯಾನಿ ಕೇಳಿದ್ರು. ಲೇಟಾದ್ರೆ ಏಳಲ್ಲ. ನಾಳೆ ನಾಡಿದ್ದು ಅನ್ನಬ್ಯಾಡ್ರಿ. ಮೊದ್ಲು ಸ್ಕ್ಯಾನ್ ಮಾಡಿಸಕೆ ಹೇಳ್ರಿ."

ಆ ಮೂರು ಕರೆಗಳ ಬರಹ ಕೈಯಲ್ಲಿಟ್ಟುಕೊಂಡು ಏಳು ದಿನ ಸುಮ್ಮನೆ ಕೂತಿದ್ದೆ ನಾನು.

ಮನೆಗೆ ಬಂದು ಸಣ್ಣತಿಮ್ಮಪ್ಪನವರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್.

ಆಗಸ್ಟ್ 13, ಬುಧವಾರ

ಬೆಳಿಗ್ಗೆ ಬಸ್ಸಿನಲ್ಲಿ ಎರಡು ಸಲ ಪ್ರಯತ್ನಿಸಿದೆ. ಸ್ವಿಚ್ ಆಫ್. ಆಫೀಸಿನಲ್ಲಿ ಸರ್ ಬರುವುದಕ್ಕೇ ಕಾದು ಹೇಳಿದೆ. ಒಂದೇ ಉಸಿರಿಗೆ. ಇಷ್ಟು ಉದ್ದ ಮಾತಾಡಿದ್ದು ಸೇರಿದ ಮೇಲೆ ಇದೇ ಮೊದಲು.

ಸರ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು.

"ನೀವೂ ಡಾಕ್ಟರಲ್ಲ, ನಾನೂ ಅಲ್ಲ. ಒಂದು ಚಪ್ಪಲಿ ಬಿದ್ದದ್ದಕ್ಕೆ ತಲೆ ಕೊಯ್ಸಕೆ ಹೇಳಕಾಗುತ್ತೇನ್ರಿ? ನಮ್ಮಪ್ಪಾಜಿಗೂ ಇದೇ ಕೊಡ್ತಿದೀನಿ. ನಾನು ಯಾರಿಗೂ ವಿಷ ಮಾರ್ತಿಲ್ಲ."

ಅದು ನಿಜ. ಅವರ ತಂದೆಯ ಡಬ್ಬಿ ಅಲ್ಲೇ ಮೇಜಿನ ಮೇಲಿರುತ್ತದೆ. ವಿಷವಲ್ಲ. ಪುಟ್ಟಕ್ಕ ಆಸ್ಪತ್ರೆಗೆ ಹೋಗದಂತೆ ತಡೆದದ್ದೂ ಕ್ಯಾಪ್ಸೂಲ್ ಅಲ್ಲ.

ಹದಿನೈದು ಕಳೆಯಲಿ, ಸೋಮವಾರ ತಾನೇ ಸಣ್ಣತಿಮ್ಮಪ್ಪನವರ ಜೊತೆ ಮಾತಾಡುತ್ತೇನೆ ಅಂದರು. ಅಲ್ಲಿಯವರೆಗೆ ನೀವು ಫೋನ್ ಮಾಡಿ ಹೆದರಿಸಬೇಡಿ ಅಂದರು. ಸೋಮವಾರಕ್ಕೆ ಐದು ದಿನ.

ಮೂರು ಗಂಟೆಗೆ ಹೊರಗೆ ಹೋದೆ. ಕಾಲೇಜು ಬಿಟ್ಟ ಹೊತ್ತು, ರಸ್ತೆ ತುಂಬ ಸ್ಕೂಟರು. ಜೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದೆ. ಈ ಸಲ ಸಣ್ಣತಿಮ್ಮಪ್ಪ ಎತ್ತಿದರು. ಪುಟ್ಟಕ್ಕ ಮಲಗಿದ್ದಾರಂತೆ. ಬೆಳಿಗ್ಗೆಯಿಂದ. ತಲೆಗೆ ಸ್ಕ್ಯಾನ್ ಮಾಡಿಸಿ, ಇವತ್ತೇ, ದಾವಣಗೆರೆಗೆ ಕರೆದುಕೊಂಡು ಬನ್ನಿ ಅಂದೆ.

"ಯಾಕಮ್ಮಾ, ನಿಮ್ ಕಾಗದದಾಗೇ ಐತಲ್ಲ, ಮೂರು ತಿಂಗಳು ಅಂತ. ಇನ್ನೂ ಐದು ವಾರ ಐತೆ."

ಕಾಗದ ಬಿಡಿ, ಅದು ತಪ್ಪು ಅಂದೆ.

"ನೀನು ಫೋನು ಮಾಡೋ ಹುಡುಗಿ. ನಿನ್ ಕಾಳಜಿ ದೊಡ್ಡದು, ಬ್ಯಾಡ ಅನ್ನಲ್ಲ. ಆದ್ರೆ ಅದನ್ನ ಬರ್ದೋರು ತಿಳಿದೋರು ತಾಯಿ. ಅವ್ರಿಗಿಂತ ನಿಂಗೆ ಗೊತ್ತೇನು?"

ನಾಲಿಗೆಯ ತುದಿಯಲ್ಲಿತ್ತು. ಬರಲಿಲ್ಲ. ಸರಿ, ಇಡುತ್ತೇನೆ ಅಂದೆ. ಇಟ್ಟೆ.

ಬಸ್ಸಿನಲ್ಲಿ ಹರಿಹರದವರೆಗೂ ಅದನ್ನೇ ಯೋಚಿಸಿದೆ. ನಾಚಿಕೆ ಅಲ್ಲ ಅದು. ಅವರು ಅಷ್ಟು ನಂಬಿದ ತಿಳಿದವರೊಬ್ಬರು ಇಲ್ಲವೇ ಇಲ್ಲ, ಇಪ್ಪತ್ತನಾಲ್ಕು ವರ್ಷದ ನಾನು ಇದ್ದೇನೆ ಅಂತ ಹೇಳಬೇಕಿತ್ತು. ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಮುನಾಫ್ ಅಂಕಲ್ ತಮ್ಮ ಚಾಚಾಗೆ ನೋಡಿದ ಡಾಕ್ಟರ ಹೆಸರು ಚೀಟಿಯಲ್ಲಿ ಬರೆದುಕೊಟ್ಟರು. ಗಾಡಿ ಬೇಕಾದರೆ ಅಳಿಯನ ಓಮ್ನಿ ಇದೆ ಅಂದರು. ಬೇಕು ಅಂದೆ.

ಆಗಸ್ಟ್ 14, ಬೆಳಿಗ್ಗೆ 6.10

ಓಮ್ನಿ ಆರೂವರೆಗೆ ಬಾಗಿಲಿಗೆ ಬರುತ್ತದೆ. ಅಮ್ಮನಿಗೆ ಹೇಳಿದ್ದೇನೆ. ಆಫೀಸಿಗೆ ಹೇಳಿಲ್ಲ. ಇವತ್ತು ಹೋದ ಮೇಲೆ ಆ ಕೆಲಸಕ್ಕೆ ವಾಪಸ್ ಹೋಗುವುದು ಇರಲಾರದು. ಇರಲಿ.

ಅವರ ಮನೆಯೊಳಗೆ ಹೋಗಿ ಮೊದಲು ಸ್ಕ್ಯಾನಿನ ಮಾತು ತೆಗೆಯುವುದಿಲ್ಲ. ಗೋಡೆಯ ಮುಂದೆ ನಿಂತು, ಆ ಕಾಗದದ ಮೇಲೆ ಬೆರಳಿಟ್ಟು, ಇದನ್ನು ಬರೆದವಳು ನಾನು, ನನಗೇನೂ ಗೊತ್ತಿರಲಿಲ್ಲ ಅನ್ನುತ್ತೇನೆ. ಅವರು ಬೈಯಬಹುದು. ಬೈದು ಮುಗಿಯುವವರೆಗೂ ನಿಂತಿರುತ್ತೇನೆ. ಆಮೇಲೆ ಪುಟ್ಟಕ್ಕನನ್ನು ಎಬ್ಬಿಸಿ, ಗಾಡಿಗೆ ಹತ್ತಿಸಿ, ದಾವಣಗೆರೆಗೆ— ಹೊರಗೆ ಹಾರ್ನ್. ಓಮ್ನಿ ಬಂತು.