ಸ್ವೆಟರ್ ಕೊಟ್ಟು ಡಬ್ಬಿ ತೆಗೆದುಕೊಳ್ಳಬೇಡಿ

ಧಾರವಾಡ,
ಮಾರ್ಗಶಿರ ಮಾಸದ ನಲವತ್ತೊಂದನೆಯ ದಿನ

(ಚಳಿ ಬಂದೀತೆಂದು ಕಾಯುತ್ತ ನಾವು ಈ ತಿಂಗಳನ್ನು ಎಳೆದು ಉದ್ದ ಮಾಡಿಕೊಂಡಿದ್ದೇವೆ. ಅದು ಬಂದಿಲ್ಲ.)

ಪೂಜ್ಯ ರೋಹಿಣಿ ಅಜ್ಜಿಯವರಿಗೆ, ನಿಮ್ಮ ಮರಿಮೊಮ್ಮಗಳ ಮೊಮ್ಮಗಳು ಭಾಗೀರಥಿ ಮಾಡುವ ನಮಸ್ಕಾರಗಳು. ನಿಮಗೆ ಈಗ ನಲವತ್ತೂ ತುಂಬಿರಲಿಕ್ಕಿಲ್ಲ. ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡಿ. ನನ್ನ ಕೆಲವು ಮಾತುಗಳು ವಿಚಿತ್ರ ಎನಿಸಿದರೆ ಕ್ಷಮಿಸಿ. ಹೊಟ್ಟೆಕಿಚ್ಚು ನಿಮ್ಮ ಕಾಲದಲ್ಲೂ ಇದ್ದದ್ದೇ, ಅದನ್ನು ವಿವರಿಸಬೇಕಿಲ್ಲ.

ನೀವು ಇಂದು ಕಪಾಟು ತೆರೆದು ಕುಳಿತಿದ್ದೀರಿ. ಚಳಿಗಾಲ ಬಂತೆಂದು ಹಳೆಯ ಸ್ವೆಟರು, ಶಾಲುಗಳನ್ನೆಲ್ಲ ಮಂಚದ ಮೇಲೆ ಗುಡ್ಡೆ ಹಾಕಿ, ಬಣ್ಣ ಮಾಸಿದೆ, ಫ್ಯಾಶನ್ ಹೋಗಿದೆ ಎಂದು ಮೂಗು ಮುರಿಯುತ್ತಿದ್ದೀರಿ. ಹೊಸ ಜಾಕೆಟ್ ಆಗಲೇ ಆರ್ಡರ್ ಮಾಡಿದ್ದಾಗಿದೆ. ಸ್ವೆಟರಿನ ಮೇಲೆ ಬೇಸರ ಬರುವಷ್ಟು ಚಳಿ ನಿಮಗಿತ್ತಲ್ಲ! ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತಿತ್ತಂತೆ, ಅದನ್ನು ಬಿಸಿಲಿಗಿಟ್ಟು ಕರಗಿಸುತ್ತಿದ್ದಿರಂತೆ. ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿ ಓಣಿಗೊಂದು ಚಳಿಮನೆ ಇದೆ. ದಪ್ಪ ಗೋಡೆಯ, ಯಂತ್ರದಿಂದ ತಂಪಾಗಿಸಿದ ಕೋಣೆ. ವರ್ಷಕ್ಕೊಮ್ಮೆ ಪ್ರತಿ ಮನೆಗೂ ಒಂದು ಬೆಳಗಿನ ಪಾಳಿ. ಒಳಗೆ ಕುಳಿತು ಚಹಾ ಕುಡಿದು, ಕೈ ಉಜ್ಜಿಕೊಂಡು, ‘ಏನ್ ಥಂಡಿ, ಏನ್ ಥಂಡಿ’ ಎಂದು ಗೊಣಗಿ ಬರುತ್ತೇವೆ. ಏಳು ತುಂಬಿದ ಮಗುವನ್ನು ಮೊದಲ ಸಲ ಒಳಗೆ ಬಿಡುವುದಕ್ಕೆ ‘ಮೊದಲ ನಡುಕ’ ಎನ್ನುತ್ತೇವೆ. ಆ ದಿನ ಮಗುವಿಗೆ ತನ್ನ ಹಿರಿಯರು ತೊಟ್ಟ ಉಣ್ಣೆಯನ್ನೇ ಹಾಕಬೇಕು. ಇಲ್ಲದವರು ಇನ್ನೊಂದು ಮನೆಯದನ್ನು ಓಣಿಯವರೆಲ್ಲರ ಎದುರು ಸೆರಗೊಡ್ಡಿ ಪಡೆಯಬೇಕು. ಕೊಟ್ಟವರೂ ಆಗ ಮಗುವಿನ ಜೊತೆ ಒಳಗೆ ಬರುತ್ತಾರೆ. ನಾಳೆ ನನ್ನ ಮಗಳು ಮಾಘಿಯ ಮೊದಲ ನಡುಕ. ನಿಮ್ಮಿಂದ ನಮಗೆ ಬಂದ ಟ್ರಂಕಿನಲ್ಲಿ ಒಂದೆಳೆ ಉಣ್ಣೆಯೂ ಇಲ್ಲ.

ಯಾಕಿಲ್ಲವೆಂದರೆ, ಕಪಾಟು ಹಗುರಾಗಲಿ ಎಂದು ನೀವು ಅಷ್ಟನ್ನೂ ಹಳೇ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಹಾಕಿ, ಮುಚ್ಚಳದ ಸ್ಟೀಲ್ ಡಬ್ಬಿ ತೆಗೆದುಕೊಂಡಿರಿ. ಚೌಕಾಶಿ ಮಾಡಿ ಮೇಲೊಂದು ಚಮಚವನ್ನೂ ಗಿಟ್ಟಿಸಿದಿರಂತೆ. ಮನೆಯಲ್ಲಿ ಇದನ್ನು ಹೆಮ್ಮೆಯಿಂದಲೇ ಹೇಳುತ್ತ ಬಂದಿದ್ದಾರೆ. ಡಬ್ಬಿ ಇನ್ನೂ ಇದೆ. ಹಾಳಾದದ್ದು, ಅದಕ್ಕೆ ಏನೂ ಆಗುವುದಿಲ್ಲ. ಅದರಿಂದ ಅವಲಕ್ಕಿ ತೆಗೆಯುವಾಗಲೆಲ್ಲ ನಿಮ್ಮನ್ನು ಬೈದುಕೊಳ್ಳುತ್ತೇನೆ.

ಎದುರುಮನೆಯ ಶಾಂಭವಿಯ ಹಿರಿಯರು ಒಂದು ಚಿಂದಿಯನ್ನೂ ಬಿಸಾಡದ ಜಿಪುಣರು. ಹಾಗಾಗಿ ಪ್ರತಿ ಮಾರ್ಗಶಿರದಲ್ಲಿ ಅವಳ ಅಂಗಳದ ಹಗ್ಗದ ಮೇಲೆ ಸಾಲು ಸಾಲು ಸ್ವೆಟರು. ಬಿಸಿಲಿಗೆ ಹಾಕುವುದು ನೆಪ. ನನಗೆ ಕಾಣಲೆಂದೇ ಹಾಕುತ್ತಾಳೆ. ಎದೆಯ ಮೇಲೆ ಜೋಡಿ ಜಿಂಕೆಗಳಿರುವ ಕೆಂಪು ಸ್ವೆಟರನ್ನು ನೋಡುತ್ತ ಮಾಘಿ ಕಿಟಕಿ ಬಿಟ್ಟು ಬರುವುದಿಲ್ಲ. ನಿನ್ನೆ ಶಾಂಭವಿ ಬಾಗಿಲಿಗೇ ಬಂದು, ‘ಹುಡುಗಿಗೆ ನಮ್ದೊಂದ್ ಕೇಳ್ರಿ ಭಾಗಕ್ಕಾ, ಕೊಡ್ತೀನಿ. ನಮ್ಮನ್ಯಾಗ ಏನ್ ಕಡಿಮಿ ಅದಾವ?’ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಿರಬಹುದು. ನನಗೆ ಮೈಯೆಲ್ಲ ಉರಿಯಿತು, ಬೇಡವೆಂದೆ. ಮಾಘಿ ಅಳಲಿಲ್ಲ, ಊಟವನ್ನೂ ಮಾಡಲಿಲ್ಲ.

ಅಜ್ಜಿ, ಪಾತ್ರೆಯವಳು ಬಂದಾಗ ಪ್ಯಾಂಟು ಕೊಡಿ, ಜರಿ ಸೀರೆ ಕೊಡಿ, ಬೇಕಾದರೆ ಎರಡು ಡಬ್ಬಿ ತೆಗೆದುಕೊಳ್ಳಿ. ಆ ಗುಡ್ಡೆಯಿಂದ ಒಂದೇ ಒಂದನ್ನು, ನಿಮಗೆ ಎಲ್ಲಕ್ಕಿಂತ ಬೇಡವಾದದ್ದನ್ನು, ಬೇವಿನೆಲೆ ಹಾಕಿ ಟ್ರಂಕಿನ ತಳದಲ್ಲಿಡಿ. ಗುಂಡಿ ಕಿತ್ತಿದ್ದರೂ ಸರಿ, ದೊಡ್ಡದಾದರೂ ಸರಿ, ತೋಳು ಮಡಚುತ್ತೇನೆ. ನಾಳೆ ಎದ್ದ ಕೂಡಲೇ ಟ್ರಂಕು ತೆರೆದು ನೋಡುತ್ತೇನೆ. ಅಲ್ಲಿ ಇರದಿದ್ದರೆ ಶಾಂಭವಿಯ ಮುಂದೆ ಸೆರಗೊಡ್ಡುತ್ತೇನೆ. ಮಗಳಿಗಾಗಿ ಅಷ್ಟನ್ನೂ ನುಂಗಿಕೊಳ್ಳುತ್ತೇನೆ. ಆದರೆ ಚಳಿಮನೆಯಲ್ಲಿ ಮೊದಲ ಸಲ ನಡುಗುವಾಗ ಮಾಘಿ ನನ್ನನ್ನು ಬಿಟ್ಟು, ಸ್ವೆಟರು ಕೊಟ್ಟ ಶಾಂಭವಿಯನ್ನು ನೋಡಿ ನಗುತ್ತಾಳೆ. ಅದನ್ನು ಮಾತ್ರ ನಾನು ತಡೆದುಕೊಳ್ಳಲಾರೆ.

ನಿಮ್ಮ
ಭಾಗೀರಥಿ